ವಜ್ರ ಆಗಿಬರುವ ತನಕ

ಕನ್ನಡಿಯ ಮುಂದೆ ನಿಂತು ತನ್ನ ಕಿವಿಯನ್ನು ನೋಡಿಕೊಳ್ಳುವ ಗಂಡಸನ್ನು ನಾನು ಈವರೆಗೆ ಕಂಡಿಲ್ಲ. ಮೀಸೆ ನೋಡಿಕೊಳ್ಳುತ್ತಾರೆ, ತಲೆಯ ಮೇಲೆ ಉಳಿದಿರುವುದನ್ನು ಸವರಿಕೊಳ್ಳುತ್ತಾರೆ, ಹೊಟ್ಟೆಯನ್ನು ಒಳಗೆಳೆದುಕೊಂಡು ಪಕ್ಕಕ್ಕೆ ತಿರುಗಿ ನೋಡುತ್ತಾರೆ. ಕಿವಿ ಮಾತ್ರ ಅವರ ಪಾಲಿಗೆ ಕನ್ನಡಕ ನೇತುಹಾಕುವ ಗೂಟ. ಹೆಂಗಸರಿಗೆ ಹಾಗಲ್ಲ. ನಾವು ಕಿವಿಯಿಂದ ಕೇಳಿಸಿಕೊಳ್ಳುವುದಕ್ಕಿಂತ ಹೇಳುವುದೇ ಹೆಚ್ಚು. ನನ್ನ ಅಜ್ಜಿ ಏಳು ಕಲ್ಲಿನ ವಜ್ರದ ಓಲೆ ಹಾಕಿಕೊಂಡು ಮದುವೆಮನೆಯಲ್ಲಿ ಒಂದು ಸಲ ತಲೆ ಅಲ್ಲಾಡಿಸಿದರೆ ಸಾಕು, ಅಡುಗೆಭಟ್ಟರು ಹುಳಿಗೆ ಇನ್ನೊಂದು ಹಿಡಿ ಉಪ್ಪು ಹಾಕುತ್ತಿದ್ದರು. ಅಜ್ಜಿ ಬಾಯಿ ಬಿಡುವ ಅಗತ್ಯವೇ ಬೀಳುತ್ತಿರಲಿಲ್ಲ. ಅಜ್ಜಿ ಹೋದ ಮೇಲೆ ಓಲೆ ಹಿರಿಯ ಸೊಸೆಯ ಪಾಲಾಯಿತು. ತಲೆ ಅಲ್ಲಾಡಿಸುವ ಚಟ ಮಾತ್ರ ನನಗೆ ಬಂತು. ಓಲೆಯಿಲ್ಲದೆ ತಲೆ ಅಲ್ಲಾಡಿಸಿದರೆ ಜನ ಕತ್ತುನೋವೇ ಎಂದು ಕೇಳುತ್ತಾರೆ.

ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ, ನಾನು ರಸಾಯನಶಾಸ್ತ್ರದ ಮೇಷ್ಟ್ರಮ್ಮ. ಇವರ ರೈಲ್ವೆ ನೌಕರಿ ನಮ್ಮನ್ನು ಮೈಸೂರಿನಿಂದ ನಾಗಪುರಕ್ಕೆ ತಂದು ಹಾಕಿದ ಮೇಲೆ ಇಲ್ಲಿಯ ಶಾಲೆಯೊಂದರಲ್ಲಿ ವರ್ಷವರ್ಷವೂ ಪಾಠ ಮಾಡುತ್ತಿದ್ದೇನೆ: ಮಕ್ಕಳೇ, ವಜ್ರವೂ ಇದ್ದಿಲೂ ಒಡಹುಟ್ಟುಗಳು, ಎರಡೂ ಬರೀ ಇಂಗಾಲ, ಒಂದಕ್ಕೆ ಮೆರೆದಾಡುವ ಯೋಗ, ಇನ್ನೊಂದಕ್ಕೆ ಉರಿದುಹೋಗುವ ಯೋಗ, ಅಷ್ಟೇ. ಹೀಗೆ ಹೇಳುವಾಗ 'ಇದ್ದಿಲು' ಸಲೀಸಾಗಿ ಬಂದು ಹೋಗುತ್ತದೆ, 'ವಜ್ರ'ವನ್ನು ಮಾತ್ರ ಎರಡೆರಡು ಸಲ ಹೇಳಿಬಿಡುತ್ತೇನೆ. ಮಕ್ಕಳು ಅದನ್ನು ವಿಷಯದ ಮೇಲಿನ ಪ್ರೀತಿ ಎಂದುಕೊಂಡಿವೆ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ಇವರು ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ, "ಏನು ಬೇಕು ಕೇಳು" ಎಂದರು. ಅವರ ಮನಸ್ಸಿನಲ್ಲಿ ಹೊಸ ಮಿಕ್ಸಿ ಇತ್ತೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ನಾನು "ಒಂಟಿ ಕಲ್ಲಿನ ವಜ್ರದ ಓಲೆ" ಎಂದು ಆಗಿಹೋಗಿತ್ತು. ಲೋಟ ಕೆಳಗಿಟ್ಟು ಅವರು ತಮ್ಮ ತಾಯಿಯ ಕಡೆ ನೋಡಿದರು. ಗಂಡಸರಿಗೆ ಉತ್ತರ ಗೊತ್ತಿಲ್ಲದಾಗ ನೋಡುವ ದಿಕ್ಕು ಅದೊಂದೇ.

ನನ್ನ ಅತ್ತೆಗೆ ಎಂಬತ್ತು ದಾಟಿದೆ. ಕಣ್ಣು ಮಂಜು, ತೀರ್ಪು ಮಾತ್ರ ಸ್ಪಷ್ಟ. ಜಪಮಾಲೆ ತಿರುಗಿಸುವುದನ್ನು ನಿಲ್ಲಿಸದೆಯೇ ಮಗನಿಗೆ ಹೇಳಿದರು, ಇವರು ಅವರಿಗೆ ಇನ್ನೂ ಕಂಠಿಯೇ: "ತಗೊಳ್ಲಿ. ಆದ್ರೆ ವಜ್ರ ಅಂದ್ರೆ ಚಿನ್ನ ಅಲ್ಲ ಕಂಠಿ. ಚಿನ್ನ ಯಾರ ಮನೆಗಾದ್ರೂ ಬರತ್ತೆ. ವಜ್ರ ಆಗಿಬರ್ಬೇಕು. ಎಂಟು ದಿನ ಮನೇಲಿಟ್ಟು ನೋಡ್ಬೇಕು. ಕೆಟ್ಟದ್ದೇನೂ ಆಗ್ಲಿಲ್ವೋ, ತಗೋ. ಆಯ್ತೋ, ಬರೋಬರ್ ವಾಪಸ್ ಕೊಟ್ಟು ಕೈಮುಗಿದು ಬಾ." ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇದೇನೂ ಹೊಸದಲ್ಲ. ಪರಿಚಯದ ಅಂಗಡಿಯವರು ಕಲ್ಲನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿಕೊಟ್ಟು, "ಇಟ್ಟು ನೋಡಿ ಅಮ್ಮ" ಎಂದು ತಾವೇ ಹೇಳುತ್ತಾರೆ. ಆದರೆ ನಾವಿದ್ದದ್ದು ನಾಗಪುರದಲ್ಲಿ.

ಊರಿನ ಹಳೆಯ ಪೇಟೆಯಾದ ಮಹಾಲ್‌ನ ಗಲ್ಲಿಯಲ್ಲಿ ಇವರ ಸಹೋದ್ಯೋಗಿಯೊಬ್ಬರಿಗೆ ಬೇಕಾದವರ ಒಂದು ಹಳೆಯ ಒಡವೆ ಅಂಗಡಿಯಿದೆ. ಇವರು ಸ್ಕೂಟರಿನಲ್ಲಿ, ನಾನೂ ಅತ್ತೆಯೂ ಆಟೋದಲ್ಲಿ, ಗಲ್ಲಿಯ ಬಾಯಲ್ಲಿ ಆಟೋ ಸಿಕ್ಕಿಹಾಕಿಕೊಂಡ ಮೇಲೆ ಕಾಲ್ನಡಿಗೆಯಲ್ಲಿ, ಮೇ ತಿಂಗಳ ಬಿಸಿಲನ್ನು ತಲೆಯ ಮೇಲೆ ಹೊತ್ತುಕೊಂಡು ಅಲ್ಲಿಗೆ ತಲುಪಿದೆವು. ಅಂಗಡಿಯ ಯಜಮಾನರು, ಎಲ್ಲರೂ ಕಾಕಾ ಎಂದು ಕರೆಯುವ ಮುದುಕರು, ಕಪ್ಪು ಮಖಮಲ್ಲಿನ ಮೇಲೆ ಆರು ಜೋಡಿ ಇಟ್ಟರು. ನನಗೆ ಆರೂ ಬೇಕೆನಿಸಿತು. ಕಣ್ಣಿಗೆ ಹಿಡಿದು ನೋಡುವ ಪುಟ್ಟ ಭೂತಗನ್ನಡಿ ಕೊಟ್ಟರು. ಗಂಭೀರವಾಗಿ ಹಿಡಿದು ಬಹಳ ಹೊತ್ತು ನೋಡಿದೆ. ಕಂಡದ್ದು ನನ್ನದೇ ರೆಪ್ಪೆಕೂದಲು, ತೆಂಗಿನಗರಿಯಷ್ಟು ದೊಡ್ಡದಾಗಿ. "ಚೆನ್ನಾಗಿದೆ" ಎಂದೆ. ಅತ್ತೆ ಭೂತಗನ್ನಡಿ ಮುಟ್ಟಲಿಲ್ಲ. ಒಂದೊಂದು ಕಲ್ಲನ್ನೂ ಬಾಯಿಯ ಹತ್ತಿರ ಹಿಡಿದು ಹಾ ಎಂದು ಉಸಿರು ಬಿಟ್ಟರು, ಮಂಜು ಎಷ್ಟು ಬೇಗ ಹೋಗುತ್ತದೆ ನೋಡಿದರು, ಬಾಗಿಲ ಬೆಳಕಿಗೆ ತಿರುಗಿಸಿದರು. "ಇದ್ರಲ್ಲಿ ಕಾಕಪಾದ ಇದೆ" ಎಂದು ಒಂದನ್ನು ಪಕ್ಕಕ್ಕೆ ಸರಿಸಿದರು. ಕಲ್ಲಿನೊಳಗೆ ಕಾಗೆಯ ಕಾಲಿನಂಥ ಗೀರಿದ್ದರೆ ಅದು ಕಾಕಪಾದ, ಮನೆಗೆ ಆಗದು. ಕಾಕಾ ಆ ಕಲ್ಲನ್ನು ತಾವೂ ನೋಡಿ ಡಬ್ಬಿಗೆ ಹಾಕಿಕೊಂಡರು. ಮಂಜುಗಣ್ಣಿಗೆ ಅದು ಹೇಗೆ ಕಂಡಿತೋ ನನಗೆ ಇವತ್ತಿಗೂ ತಿಳಿಯದು.

ಕೊನೆಗೆ ಒಂದು ಜೋಡಿ ಉಳಿಯಿತು. ಕಡಲೆಕಾಳಿಗಿಂತ ಚಿಕ್ಕದು, ಆದರೆ ಇಟ್ಟ ಕಡೆ ಸುಮ್ಮನಿರುವ ಜಾತಿಯಲ್ಲ. ಕಾಕಾ ಪ್ರಮಾಣಪತ್ರ ಮುಂದಿಟ್ಟರು. ಅತ್ತೆ ಅದನ್ನು ಅವರ ಕಡೆಗೇ ತಳ್ಳಿ, ತಮ್ಮ ನಾಗಪುರಿ ಹಿಂದಿಯಲ್ಲಿ ಎಂಟು ದಿನದ ವಿಷಯ ಎತ್ತಿದರು. ನೀಲಮಣಿಯನ್ನು ಹೀಗೆ ಇಟ್ಟು ನೋಡುವವರನ್ನು ಕಾಕಾ ಕಂಡಿದ್ದರಂತೆ. ವಜ್ರಕ್ಕೆ ಇದು ಮೊದಲು. "ಆಜಿ," ಎಂದರು ಮರಾಠಿಯಲ್ಲಿ, "ಹಾ ಹಿರಾ ಆಹೆ, ಜಾವಯಿ ನಾಹೀ." ಇದು ವಜ್ರ, ಮನೆಯಲ್ಲಿಟ್ಟುಕೊಂಡು ಗುಣ ನೋಡಲು ಅಳಿಯನಲ್ಲ, ಎಂದು. ಅತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಳಿಯನ್ನ ನೋಡೋಕೆ ಎಂಟು ದಿನ ಸಾಲತ್ತೇನೇ, ಹೇಳು ಅವ್ರಿಗೆ" ಎಂದರು. ಹೇಳಿದೆ. ಕಾಕಾ ನಕ್ಕರು, ನಕ್ಕವರು ಸೋತಂತೆಯೇ. ಸಹೋದ್ಯೋಗಿಯ ಭರವಸೆಯ ಮೇಲೆ ಜೋಡಿಯನ್ನು ಕೊಟ್ಟರು. ಒಂದೇ ಷರತ್ತು: ಅಮರಾವತಿಯವರೊಬ್ಬರು ಇದೇ ಜೋಡಿಯ ಮೇಲೆ ಕಣ್ಣಿಟ್ಟಿದ್ದಾರೆ, ಮುಂದಿನ ಗುರುವಾರ ಬರುತ್ತಾರೆ. ಅಷ್ಟರಲ್ಲಿ ಹೂಂ ಅಥವಾ ಊಹೂಂ ಆಗಬೇಕು. ಊಹೂಂ ಆದರೆ ಇನ್ನು ಇಂಥ ಜೋಡಿ ಸಿಗುವ ಮಾತಿಲ್ಲ.

ಅತ್ತೆ ಓಲೆಯನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ, ಬೆಳ್ಳಿಯ ಭರಣಿಯಲ್ಲಿಟ್ಟು ದೇವರ ಗೂಡಿಗೆ ಸೇರಿಸಿದರು. "ಯಾರೂ ಏನೂ ವಿಶೇಷ ಮಾಡ್ಬೇಡಿ. ಎಂದಿನ ಹಾಗೆ ಇರಿ" ಎಂದು ಅಪ್ಪಣೆಯಾಯಿತು. ಎಂದಿನ ಹಾಗೆ ಇರುವುದೇ ನಮ್ಮ ಮನೆಯ ಅಪಾಯವೆಂದು ಅವರಿಗೆ ಯಾರು ಹೇಳಬೇಕು.

ಮರುದಿನವೇ ಹಾಲು ಉಕ್ಕಿತು. ಬೇರೆ ದಿನವಾಗಿದ್ದರೆ ಒಲೆ, ಹಾಲಿನವನು, ಪಕ್ಕದಲ್ಲೇ ನಿಂತು ಮೊಬೈಲು ನೋಡುತ್ತಿದ್ದ ಮಗಳು, ಮೂವರಿಗೂ ನನ್ನಿಂದ ಮಂಗಳಾರತಿ ಆಗಬೇಕಿತ್ತು. ಅಂದು ನಾನು, "ಉಕ್ಕಲಿ ಬಿಡು, ಗೃಹಪ್ರವೇಶದಲ್ಲಿ ಬೇಕೆಂದೇ ಉಕ್ಕಿಸ್ತಾರಲ್ಲ" ಎಂದು ದೇವರ ಗೂಡಿಗೆ ಕೇಳುವಷ್ಟು ಜೋರಾಗಿ ಹೇಳಿ ಒರೆಸಿದೆ. ಮೂರನೆಯ ದಿನ ಇವರ ಸ್ಕೂಟರ್ ಪಂಕ್ಚರಾಗಿ, ಬೆವರಿನಲ್ಲಿ ತೊಯ್ದು ಗೇಟಿನಲ್ಲಿ ಕಾಣಿಸಿಕೊಂಡರು. ನಾನು ಓಡಿಹೋಗಿ ಅಲ್ಲಿಯೇ ತಡೆದೆ.

"ನಡ್ಕೊಂಡು ಬಂದೆ ಅಂತ ಹೇಳಿ. ಆರೋಗ್ಯಕ್ಕೆ."

"ನಲವತ್ತೈದು ಡಿಗ್ರಿ ಬಿಸಿಲಲ್ಲಾ?"

"ಬೆವರು ಒಳ್ಳೇದು ರೀ. ಒಳಗೆ ಬನ್ನಿ, ನಗ್ತಾ ಬನ್ನಿ."

ನಗುತ್ತಾ ಬಂದರು. ಆ ನಗು ನೋಡಿ ಎದುರುಮನೆಯ ನಾಯಿ ಬೊಗಳಿತು. ನಾಲ್ಕನೆಯ ದಿನ ಬಾಗಿಲ ಹೊಸ್ತಿಲಿಗೆ ನನ್ನ ಕಾಲಿನ ಕಿರುಬೆರಳು ಬಡಿಯಿತು. ಕಿರುಬೆರಳಿನ ನೋವು ಕಿರಿದಲ್ಲವೆಂದು ಬಲ್ಲವರು ಬಲ್ಲರು. ಬಾಯಿಗೆ ಬಂದ ಕೂಗನ್ನು ಅಲ್ಲಿಯೇ ತಿರುಗಿಸಿ ದೇವರನಾಮ ಮಾಡಿಕೊಂಡೆ. ರಾಗ ಯಾವುದೆಂದು ಕೇಳಬೇಡಿ. ಅದೇ ಸಂಜೆ ಮಗಳು ಮೇಘಾ ಮುಖ ಸಣ್ಣ ಮಾಡಿಕೊಂಡು ಅಡುಗೆಮನೆಗೆ ಬಂದಳು. ಗಣಿತದಲ್ಲಿ ಹೋಗಿದೆಯಂತೆ. ನನ್ನೊಳಗೆ ಏನೋ ಕುಕ್ಕರಿನಂತೆ ಏರತೊಡಗಿತು. ತೂಕದ ಮೇಲೆ ಕೈಯಿಟ್ಟು ಅದುಮಿದೆ. ಅವಳ ತಲೆ ಸವರಿ, "ಪರವಾಗಿಲ್ಲ ಪುಟ್ಟ. ಗುರುವಾರದ ತನಕ ಪಾಸಾಗಿರು" ಎಂದೆ.

"ಅಮ್ಮಾ, ಕಾಯ್ ಝಾಲಂ ತುಲಾ? ಬಯ್ಯಲ್ವಾ ನನ್ನ?" ಎಂದಳು, ಏನಾಗಿದೆ ನಿನಗೆ ಎನ್ನುವಂತೆ ಕಣ್ಣರಳಿಸಿ.

"ಗುರುವಾರ ಬಯ್ತೀನಿ. ಸಾಯಂಕಾಲ. ಈಗ ಅಜ್ಜಿ ಮುಂದೆ ಲಡ್ಡು ತಿನ್ನು ಹೋಗು."

ಇಷ್ಟೆಲ್ಲ ದಾಟಿದವಳಿಗೆ ಐದನೆಯ ದಿನ, ಕಿಟಕಿಯ ಹೊರಗೆ ಕೂರಿಸಿದ ಕೂಲರಿನ ನೀರೆತ್ತುವ ಪಂಪು ಕೈಕೊಟ್ಟಿತು. ಮೇ ತಿಂಗಳಲ್ಲಿ ನಾಗಪುರದ ಮನೆಯೊಂದರ ಕೂಲರು ನಿಲ್ಲುವುದಕ್ಕಿಂತ ದೊಡ್ಡ ಅಪಶಕುನ ಯಾವ ಪಂಚಾಂಗದಲ್ಲೂ ಇಲ್ಲ. ಫ್ಯಾನು ತಿರುಗುತ್ತಿತ್ತು, ಲಾವಂಚದ ತಟ್ಟಿಗೆ ನೀರು ಮಾತ್ರ ಏರುತ್ತಿರಲಿಲ್ಲ. ಮೆಕ್ಯಾನಿಕ್ಕಿಗೆ ಗುಟ್ಟಾಗಿ ಫೋನು ಮಾಡಿದರೆ ಶುಕ್ರವಾರ ಬರುವೆನೆಂದ. ಅತ್ತೆ ಕೂಲರಿನ ಎದುರಿಗೆ ಕೂತು ಜಪ ಮಾಡುವವರು. "ಯಾಕೋ ಬಿಸಿಗಾಳಿ ಬಂದ್ಹಾಗಿದೆ" ಎಂದರು. ನಾನು "ಹೊರಗೆ ಜಾಸ್ತಿ ಅತ್ತೆ" ಎಂದು ಹೇಳಿ ಹಿತ್ತಿಲಿಗೆ ಹೋದೆ. ಅಲ್ಲಿಂದ ಮುಂದೆ ಮೂರು ದಿನ, ಅರ್ಧ ಗಂಟೆಗೊಮ್ಮೆ, ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಹೆಂಗಸೊಬ್ಬಳು ತಲೆಗೆ ದುಪಟ್ಟಾ ಸುತ್ತಿಕೊಂಡು, ಕಿಟಕಿಯ ಹೊರಗೆ ಸ್ಟೂಲಿನ ಮೇಲೆ ನಿಂತು, ಕೂಲರಿನ ಬೆನ್ನಿಗೆ ಚೊಂಬಿನಲ್ಲಿ ನೀರು ಹುಯ್ದಳು. ಇದ್ದಿಲಿನ ಒಡಹುಟ್ಟಿಗೋಸ್ಕರ ನಾನೇ ಇದ್ದಿಲಾದೆ. ನನ್ನನ್ನು ಮರಾಠಿಯಲ್ಲಿ ಅತ್ತಿಗೆ ಎನ್ನುವ ಎದುರುಮನೆಯಾಕೆ, "ವಹಿನೀ, ಅಭಿಷೇಕವೇ?" ಎಂದು ಕೇಳಿದಳು. ಹೌದೆಂದೆ. ಸುಳ್ಳೇನಲ್ಲ.

ಗುರುವಾರ ಬೆಳಿಗ್ಗೆ ಕಾಕಾರ ಫೋನು ಬಂತು. ಅಮರಾವತಿಯವರು ಹೊರಟಿದ್ದಾರೆ, ಮಧ್ಯಾಹ್ನದೊಳಗೆ ಉತ್ತರ ಹೇಳಿ, ಎಂದು. ಅತ್ತೆ, "ಜಪ ಮುಗಿಸಿ ಹೇಳ್ತೀನಿ" ಎಂದರು. ಇನ್ನು ಅರ್ಧ ಗಂಟೆ. ಜಪ ತಣ್ಣಗೆ ಮುಗಿಯಲಿ ಎಂದು ನಾನು ಚೊಂಬನ್ನು ಬಿಟ್ಟು ಬಕೆಟ್ಟನ್ನೇ ಎತ್ತಿಕೊಂಡೆ. ಸುಲಭವಾಗಲೆಂದು ಒಂದು ಕಡೆಯ ತಟ್ಟಿಯನ್ನೂ ತೆಗೆದೆ. ಬಕೆಟ್ಟು ಜಾರಿ ಅಷ್ಟೂ ನೀರು ಕೂಲರಿನೊಳಗೆ ಹೋಯಿತು. ಫ್ಯಾನು ಅದನ್ನು ಒಂದು ಹನಿಯೂ ವ್ಯರ್ಥ ಮಾಡದೆ ಒಳಗೆ ಎರಚಿತು. ಒಳಗಿನಿಂದ "ಶಿವಶಿವಾ" ಎಂಬ ದನಿ ಕೇಳಿಸಿತು.

ಓಡಿಬಂದು ನೋಡಿದರೆ ಅತ್ತೆ ಜಪಮಾಲೆ ಹಿಡಿದ ಹಾಗೆಯೇ, ಆಗಷ್ಟೇ ಗಂಗೆಯಿಂದ ಎದ್ದವರಂತೆ ಕೂತಿದ್ದರು. ಇವರು ಟವೆಲ್ಲು ಹುಡುಕುತ್ತಿದ್ದರು. ಮೇಘಾ ಗೋಡೆಯ ಕಡೆ ಮುಖ ಮಾಡಿ ನಗುತ್ತಿದ್ದಳು. ನಾನು ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಮುಗಿಯಿತಲ್ಲ ಎಂದು, ಕೂಲರು, ಪಂಕ್ಚರು, ಕಿರುಬೆರಳು, ಗಣಿತ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. "ವಾಪಸ್ ಕೊಟ್ಟುಬಿಡೋಣ ಅತ್ತೆ. ಆಗಿಬರಲಿಲ್ಲ."

"ಏನೇ ಹೊಸದಾಗಿ ಹೇಳ್ತಿದೀಯ?" ಎಂದರು ಅತ್ತೆ, ಮುಖ ಒರೆಸಿಕೊಳ್ಳುತ್ತ. "ನಂಗೆ ಕಣ್ಣು ಮಂಜು ಕಣೇ ನಳಿನಿ, ಕಿವಿ ಬರೋಬರ್ ಇದೆ. ಪಂಕ್ಚರಾದ ಸ್ಕೂಟರ್ ತಳ್ಕೊಂಡು ಬರೋ ಸದ್ದು ನಂಗೆ ಗೊತ್ತಾಗಲ್ವಾ?"

"ಮತ್ತೆ ಅವತ್ತೇ ವಾಪಸ್ ಕೊಡಿ ಅನ್ನಲಿಲ್ಲ?"

"ಯಾಕನ್ನಲಿ? ಪಂಪು ಕೆಡತ್ತೆ, ಮಕ್ಕಳು ಫೇಲಾಗ್ತವೆ, ಇದೆಲ್ಲ ವಜ್ರ ಇಲ್ದಾಗ್ಲೂ ಆಗತ್ತೆ. ಈ ಎಂಟು ದಿನ ಈ ಮನೇಲಿ ಆಗ್ದೆ ಇದ್ದದ್ದು ಒಂದೇ. ನಿನ್ನ ಗಂಟಲು ಕೇಳಲಿಲ್ಲ." ಮಾಲೆಯನ್ನು ಕಣ್ಣಿಗೊತ್ತಿಕೊಂಡು ಮಗನ ಕಡೆ ತಿರುಗಿದರು. "ಇಪ್ಪತ್ತೈದು ವರ್ಷದಲ್ಲಿ ಯಾವ ಹರಕೆಗೂ ಆಗ್ದೆ ಇದ್ದದ್ದು ಆ ಕಲ್ಲು ಎಂಟು ದಿನದಲ್ಲಿ ಮಾಡ್ತು. ಇದಕ್ಕಿಂತ ಆಗಿಬರೋದು ಇನ್ನೇನೋ ಕಂಠಿ? ಜಲ್ದಿ ಫೋನ್ ಮಾಡು, ತಗೋತೀವಿ ಅಂತ."

ಇವರು ಮದುವೆಗೆ ಒಪ್ಪಿದಾಗಲೂ ಅಷ್ಟು ಜಲ್ದಿ ಫೋನು ಮಾಡಿದವರಲ್ಲ.

ಹೀಗೆ ಓಲೆ ನನ್ನ ಕಿವಿಗೇರಿತು. ಅದರ ಆರೈಕೆಯ ಬಗ್ಗೆ ಕಾಕಾ ಹೇಳಿದ್ದು ಒಂದು ಪುಟವಾಗುವಷ್ಟಿತ್ತು: ಉಗುರುಬೆಚ್ಚಗಿನ ಸೋಪುನೀರು, ಮೆತ್ತನೆಯ ಬ್ರಷ್ಷು, ಸೆಂಟು ಹೊಡೆದುಕೊಳ್ಳುವಾಗ ದೂರ, ಮಲಗುವಾಗ ಬೇಡ. ಅತ್ತೆ ಹೇಳಿದ್ದು ಎರಡೇ: ಅಂಟುವಾಳದ ನೀರಲ್ಲಿ ತೊಳಿ, ದಿನಾ ತಿರುಪು ಮುಟ್ಟಿ ನೋಡು. ಇಬ್ಬರೂ ಹೇಳದೇ ಬಿಟ್ಟ ಮೂರನೆಯ ಕಷ್ಟ ಒಂದು ವಾರದಲ್ಲಿ ತಿಳಿಯಿತು. ಇವರು ಗಾಜಿನ ಲೋಟ ಒಡೆದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ನಳಿನಿ, ಕಲ್ಲು" ಎಂದರು ಮೆಲ್ಲಗೆ, ಕಿವಿ ತೋರಿಸಿ. ಬಾಯಿ ಮುಚ್ಚಿದೆ. ಮೇಘಾ ಬೆಳಗಿನ ಹತ್ತು ಗಂಟೆಗೆ ಏಳತೊಡಗಿದಳು. ಕೇಳಿದರೆ, "ಅಜ್ಜೀ, ಕಲ್ಲು ಯಾಕೋ ಬರೋಬರ್ ಕೆಲಸ ಮಾಡ್ತಿಲ್ಲ" ಎಂದು ದೂರು. ಮೂರು ವಾರ ಅಕ್ಕನಂತೆ, ಅಮ್ಮನಂತೆ, ಹಸುವಿನಂತೆ ಇದ್ದೆ. ಕಿವಿ ಹೊಳೆಯುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು. ನಾಲ್ಕನೆಯ ವಾರ ದಾರಿ ಹೊಳೆಯಿತು. ಹಾಸಿಗೆಯ ಮೇಲೆ ಒದ್ದೆ ಟವೆಲ್ಲು ಕಂಡ ತಕ್ಷಣ ಎರಡೂ ತಿರುಪು ಬಿಚ್ಚಿ, ಓಲೆಯನ್ನು ಭರಣಿಯಲ್ಲಿಟ್ಟು, ಮುಚ್ಚಳ ಹಾಕಿ, ಮೂರು ವಾರದ ಬಾಕಿಯನ್ನೆಲ್ಲ ತೀರಿಸಿದೆ. ಆಮೇಲೆ ಓಲೆ ಹಾಕಿಕೊಂಡು ಎಲ್ಲರಿಗೂ ಕಾಫಿ ಕೊಟ್ಟೆ. ಅತ್ತೆ ತಕರಾರು ತೆಗೆಯಲಿಲ್ಲ. ವಜ್ರದ ಎದುರಿಗೆ ಏನೂ ನಡೆದಿರಲಿಲ್ಲವಲ್ಲ. ಈಗ ನಾನು ತಿರುಪಿಗೆ ಕೈ ಹಾಕಿದರೆ ಸಾಕು, ಹಾಸಿಗೆಯ ಮೇಲಿನ ಟವೆಲ್ಲು ತಾನಾಗಿ ತಂತಿಯ ಮೇಲೆ ಹೋಗಿ ಕೂರುತ್ತದೆ.

ಮೊನ್ನೆ, ವರ್ಷ ತುಂಬುವ ಮೊದಲೇ, ತಿರುಪು ಸಡಿಲವಾಗಿ ನಿಲ್ಲದಾಯಿತು. ಮಹಾಲ್‌ಗೆ ಹೋದೆವು. ಕಾಕಾ ಓಲೆಯನ್ನು ಬಿಚ್ಚಿಸಿಕೊಂಡು, ತಿರುಪಿನ ಮರೆಯನ್ನು, ಅದರ ಸುತ್ತುಗೆರೆಗಳನ್ನು, ಬಹಳ ಹೊತ್ತು ನೋಡಿ ಬೆರಗಾದರು. ಇಷ್ಟು ಸವೆಯಲು ಹತ್ತು ವರ್ಷ ಬೇಕಂತೆ. ನಾನು ತುಂಬ ಜೋಪಾನ, ಆಗಾಗ ತೆಗೆದಿಡುತ್ತೇನೆ ಎಂದೆ. ವಜ್ರವನ್ನು ಇಷ್ಟು ಜೋಪಾನ ಮಾಡುವ ಹೆಂಗಸನ್ನು ತಾವು ಈ ಗಾದಿಯ ಮೇಲೆ ಕೂತಂದಿನಿಂದ ಕಂಡಿಲ್ಲವೆಂದು ಅವರು ಅಂಗಡಿಯಲ್ಲಿದ್ದ ನಾಲ್ಕು ಜನಕ್ಕೂ ಕೇಳುವಂತೆ ಹೊಗಳಿದರು. ನನ್ನ ಹಿಂದೆ ನಿಂತಿದ್ದ ಇವರಿಗೆ ಸುಮ್ಮನಿರಲಾಗಲಿಲ್ಲ. "ದಿನಕ್ಕೆರಡು ಸಲ ತೆಗೆದಿಡ್ತಾಳೆ ಕಾಕಾ," ಎಂದು ಶುರುಮಾಡಿ, ಯಾಕೆಂಬುದನ್ನು ಲೋಟ, ಟವೆಲ್ಲುಗಳ ಸಮೇತ ಮರಾಠಿಯಲ್ಲಿ ಸ್ವಾರಸ್ಯವಾಗಿ ವಿವರಿಸಿದರು. ನಾಲ್ಕೂ ಜನ ನಕ್ಕರು. ನಾನು ನಿಧಾನವಾಗಿ ತಿರುಗಿದೆ. ಓಲೆ ಎರಡೂ ಕಾಕಾರ ಕೈಯಲ್ಲಿವೆ, ನನ್ನ ಕಿವಿ ಎರಡೂ ಖಾಲಿ ಇವೆ ಎಂಬುದು ಇವರಿಗೆ ಆಗ ಹೊಳೆಯಿತು.