ಫ್ರಿಜ್ಜಿನ ಬೀಗದ ಕೈಗೆ ಮೂರು ಚುನಾವಣೆ

2024ರ ಮೇ 12ರ ಭಾನುವಾರ, ಮತ್ತೋಡು ಹೋಬಳಿಯ ನಮ್ಮ ಕುರಿ ಸಾಕುವವರ ಸಂಘದ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆಯಿತು. ಸದಸ್ಯರು 142. ಹಾಜರಿ 142.

ಅಧ್ಯಕ್ಷರಿಗಿರುವ ಏಕೈಕ ಅಧಿಕಾರ ಲಸಿಕೆ ಫ್ರಿಜ್ಜಿನ ಬೀಗದ ಕೈ. ಹನ್ನೊಂದು ವರ್ಷದಿಂದ ಅದು ಮುರುಗಪ್ಪನವರ ಉಡಿದಾರದಲ್ಲಿತ್ತು. ಫ್ರಿಜ್ಜಿನಲ್ಲಿ ಲಸಿಕೆಯ ಜಾಗದಲ್ಲಿ ಅವರ ಅಂಗಡಿಯ ಸೋಡಾ ಇತ್ತು. ಹಿಂದಿನ ಮುಂಗಾರಿನಲ್ಲಿ ಕರುಳುಬೇನೆಗೆ ಹದಿನಾಲ್ಕು ಮರಿ ಕಳೆದುಕೊಂಡಿದ್ದ ಓಬಕ್ಕ ಈ ಸಲ ಅವರೆದುರು ನಿಂತರು. ಅವರ ಹಿಂಡಿನಲ್ಲಿ ಹೊಸ ಮರಿ 22. ಮಳೆಗೆ ಮುಂಚೆ ಲಸಿಕೆ ಬೀಳಬೇಕಿತ್ತು. ಗೊಲ್ಲಪ್ಪನೂ ನಿಂತ. ಕಾರಣ ಹೇಳಲಿಲ್ಲ.

ಚುನಾವಣಾಧಿಕಾರಿ ಜಯಕುಮಾರ್ ಲೋಕಸಭೆಯ ಡ್ಯೂಟಿ ಮುಗಿಸಿ ಬಂದಿದ್ದರು. ಅದೇ ಪದ್ಧತಿ ಅನುಸರಿಸಿದರು: ಯಾರಿಗೆ ಹೆಚ್ಚು ಮತವೋ ಅವರು ಗೆದ್ದಂತೆ. ಓಬಕ್ಕ 64, ಮುರುಗಪ್ಪ 47, ಗೊಲ್ಲಪ್ಪ 31.

"ಅರ್ಧ ಜನಾನೂ ಒಪ್ಪಿಲ್ವಲ್ರಿ," ಎಂದರು ಮುರುಗಪ್ಪ. "ದಿಲ್ಲಿಗೆ ಇಷ್ಟು ಸಾಕು. ಕುರಿಗೆ ಸಾಲಲ್ಲ."

ಆಕ್ಷೇಪಣೆಯನ್ನು ಅಂಗೀಕರಿಸಲಾಯಿತು.

ಮೇ 19ರಂದು ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಪದ್ಧತಿ. ಹೆಸರುಗಳ ಮುಂದೆ 1, 2, 3 ಎಂದು ಬರೆಯಬೇಕು. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಬೇಕು. ಯಾರಿಗೂ ಬರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಅವುಗಳಲ್ಲಿ 2 ಎಂದಿರುವ ಹೆಸರಿಗೆ ಸೇರಿಸಬೇಕು. ನಮ್ಮವರು ದಿನವೂ ಕುರಿ ಎಣಿಸುವವರಾದ್ದರಿಂದ ಒಂದು ಮತವೂ ತಿರಸ್ಕೃತವಾಗಲಿಲ್ಲ. ಪದವೀಧರರಲ್ಲಿ ಇದು ಅಪರೂಪ. ಗೊಲ್ಲಪ್ಪನ 31ರಲ್ಲಿ 27 ಓಬಕ್ಕನಿಗೆ, 4 ಮುರುಗಪ್ಪನವರಿಗೆ ಹೋದವು. ಓಬಕ್ಕ 91, ಮುರುಗಪ್ಪ 51.

"ಈಗೇನಪ್ಪ?" ಎಂದರು ಓಬಕ್ಕ. "ಬೀಗದ ಕೈ ಕೊಡು ಇತ್ಲಾಗೆ."

"ತಡಿಯಮ್ಮ," ಎಂದರು ಮುರುಗಪ್ಪ. "ಹೆಚ್ಚು ವೋಟು ಬಂದೋರಿಗೆ ಸೊಕ್ಕು ಬರ್ತೈತೆ. ಕಮ್ಮಿ ಬಂದೋರು ಬಗ್ಗಿ ನಡೀತಾರೆ. ಕಮ್ಮಿ ಬಂದೋರೇ ಗೆಲ್ಲಲಿ."

"ಇದು ಯಾವ ದೇಶದಾಗೆ ಐತೆ ಸಾರ್?" ಎಂದು ಗೊಲ್ಲಪ್ಪ ಕೇಳಿದ.

ಜಯಕುಮಾರ್ ಪುಸ್ತಕ ತಿರುವಿದರು. "ಯಾವ ದೇಶದಲ್ಲೂ ಇಲ್ಲ. ಆದರೆ ಬೇಡ ಅಂತಲೂ ಬರೆದಿಲ್ಲ."

ಮೇ 26. ಗೊಲ್ಲಪ್ಪ ಹಿಂದೆ ಸರಿದಿದ್ದ. ಸದಸ್ಯರು ಹೊಸ ಪದ್ಧತಿಯನ್ನು ಬೇಗ ಕಲಿತಿದ್ದರು. ಓಬಕ್ಕನೂ ಸೇರಿ ಎಲ್ಲರೂ ಮುರುಗಪ್ಪನವರಿಗೇ ಹಾಕಿದರು. ಮುರುಗಪ್ಪ 141. ಓಬಕ್ಕ 1. ಆ ಒಂದು ಮುರುಗಪ್ಪನವರದು.

ಓಬಕ್ಕ ಗೆದ್ದರು. ಕೈ ಚಾಚಿದರು.

"ಒಂದು ನಿಮಿಷ ಕುಂತ್ಕಳ್ರಿ," ಎಂದರು ಜಯಕುಮಾರ್. ಆರನೇ ಒಂದು ಭಾಗ ಮತವೂ ಬಾರದವರು ಠೇವಣಿ ಕಳೆದುಕೊಳ್ಳುತ್ತಾರೆ, ಲೋಕಸಭೆಯಲ್ಲೂ ಹಾಗೆಯೇ. ಠೇವಣಿ ಕಳೆದುಕೊಂಡವರು ಅಧ್ಯಕ್ಷರಾಗುವಂತಿಲ್ಲ ಎನ್ನುತ್ತದೆ ಸಂಘದ ಉಪನಿಯಮ 19(ಬಿ). ಉಪನಿಯಮದ ಶಾಯಿ ಒಣಗಲೆಂದು ಐದು ನಿಮಿಷ ವಿರಾಮ ನೀಡಲಾಯಿತು.

"ನೂರಾ ನಲವತ್ತೊಂದು ಜನ ಇಷ್ಟು ಪ್ರೀತಿ ಇಟ್ಟೀರಿ. ಬ್ಯಾಡ ಅನ್ನಾಕೆ ನಾನ್ಯಾರು?" ಎಂದರು ಮುರುಗಪ್ಪ.

ಎಲ್ಲರೂ ಅವರಿಗೇ ಮತ ಹಾಕಿದ್ದರಿಂದ ತಕರಾರು ಬರಲಿಲ್ಲ. "ನಾನೂ ಅವ್ನಿಗೇ ಹಾಕೀನಲ್ಲ," ಎಂದು ಓಬಕ್ಕ ಫಲಿತಾಂಶಕ್ಕೆ ಸಹಿ ಮಾಡಿದರು. ಫ್ರಿಜ್ ತೆಗೆದು ಎಲ್ಲರಿಗೂ ಸೋಡಾ ಕೊಡಲಾಯಿತು. ತಣ್ಣಗಿತ್ತು.

ಜೂನ್ 2ರಂದು ಮಳೆ ಬಂತು. ತಿಂಗಳ ಕೊನೆಗೆ ಓಬಕ್ಕ ಉಳಿದ ಮರಿಗಳನ್ನು ಎಣಿಸಿದರು. 9.