ಕೆಟ್ಟ ಬ್ಯಾಟರಿಯೇ ಬೇಕು

ಮುಂಬಯಿಯ ಲೋಕಲ್ ರೈಲಿನ ದಾರಿಯಲ್ಲಿ, ಡೊಂಬಿವಲಿಯಿಂದ ಟಿಟ್ವಾಳಾದವರೆಗೆ ಇರುವ ನಮ್ಮ ಕನ್ನಡದ ಮುದುಕರು ಯಮನಿಗೆ ಅಷ್ಟೊಂದು ಹೆದರುತ್ತಿರಲಿಲ್ಲ, ನಮ್ಮ ಕಾಕಾನಿಗೆ ಹೆದರುತ್ತಿದ್ದರು! ಯಮ ಹೇಳದೆ ಬರುತ್ತಾನೆ. ಕಾಕಾ ಮೊದಲು ಫೋನ್ ಮಾಡಿ, ಸಮಯ ಗೊತ್ತುಮಾಡಿಕೊಂಡು, ಕೊರಳಿಗೆ ಪುಟ್ಟ ಡಿಜಿಟಲ್ ಕ್ಯಾಮೆರಾ ಹಾಕಿಕೊಂಡು ಬರುತ್ತಿದ್ದ. ಬಂದವನೇ, "ಹೋಗೂಕಿಂತ ಮೊದಲ ಒಂದು ಚಲೋ ಫೋಟೋ ಆಗಲಿ" ಎಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತಿದ್ದ. ಚಹಾ ಕೊಟ್ಟವರಿಗೆ ಯಾರಾದರೂ ಹೀಗೆ ಹೇಳುತ್ತಾರೆಯೇ? ಎಪ್ಪತ್ತು ದಾಟಿದ ಅನೇಕರು ಅವನ ದನಿ ಕೇಳಿದೊಡನೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ಕಾಕಾ ಹೊರಗೆ ಕೂತು ಪೇಪರ್ ಓದುತ್ತ ಕಾಯುತ್ತಿದ್ದ.

ಇದಕ್ಕೆಲ್ಲ ಕಾರಣ ನಮ್ಮ ಅಜ್ಜ. ಅಜ್ಜ ತೀರಿಕೊಂಡಾಗ ಗೋಡೆಗೆ ಹಾಕಲು ಅವನ ಒಂದೇ ಒಂದು ಫೋಟೋ ಇರಲಿಲ್ಲ. ಯಾರದೋ ಮದುವೆಯ ಗುಂಪಿನ ಚಿತ್ರದಿಂದ ಅವನನ್ನು ಕತ್ತರಿಸಿ ದೊಡ್ಡದು ಮಾಡಿಸಿದರು. ಅಜ್ಜ ಬಂದ, ಅವನ ಹೆಗಲ ಮೇಲಿದ್ದ ಯಾರದೋ ಕೈಯೂ ಬಂತು! ಪ್ರತಿ ವರ್ಷ ಶ್ರಾದ್ಧದ ದಿನ ಅಜ್ಜನ ಜೊತೆಗೆ ಆ ಕೈಗೂ ನಮ್ಮ ನಮಸ್ಕಾರ ಸಲ್ಲುತ್ತಿದೆ. ಕೈಯ ಯಜಮಾನ ಇನ್ನೂ ಬದುಕಿದ್ದರೆ ಅವನ ಗತಿ ಏನೋ, ಪಾಪ. ಅಂದಿನಿಂದ ಕಾಕಾ ಪಣ ತೊಟ್ಟ: ನಮ್ಮ ಮಂದಿಯಲ್ಲಿ ಯಾರೂ ಚಲೋ ಫೋಟೋ ಇಲ್ಲದೆ ಹೋಗಬಾರದು.

"ಮೊಬೈಲಿನಾಗ ತಗದ್ರ ಆಗೂದಿಲ್ಲೇನು ಕಾಕಾ?" ಎಂದು ಒಮ್ಮೆ ಕೇಳಿದ್ದೆ.

"ಮೊಬೈಲಿಗೆ ಮಂದಿ ಮುಂಜಾನೆದ್ದು ಗುಲಾಬಿ ಹೂವು ಕಳಸ್ತಾರ. ಅದರ ಬಾಜೂಕ ಹಿರ್ಯಾರ ಮಾರಿ ಇಡ್ತೀಯೇನು? ಬುದ್ಧಿ ಅದನೋ ಇಲ್ಲೋ ನಿನಗ?"

ತೊಂದರೆ ಇದ್ದದ್ದು ಬ್ಯಾಟರಿಯದು. ಕ್ಯಾಮೆರಾದ ಜೊತೆ ಬಂದ ಬ್ಯಾಟರಿ ತನ್ನ ಆಯುಷ್ಯ ಮುಗಿಸಿತ್ತು. ಅಂಥದ್ದನ್ನು ಕಂಪನಿ ಈಗ ಮಾಡುವುದೇ ಇಲ್ಲ. ಕಾಕಾ ಕಲ್ಯಾಣ ಸ್ಟೇಶನ್ನಿನ ಹೊರಗೆ, ಮೊಬೈಲ್ ಕವರುಗಳ ನಡುವೆ ಒಂದು ಅಂಗಡಿ ಹುಡುಕಿದ. ಅಲ್ಲಿ ಡೂಪ್ಲಿಕೇಟ್ ಬ್ಯಾಟರಿ ಅಗ್ಗಕ್ಕೆ ಸಿಗುತ್ತಿತ್ತು. ಗ್ಯಾರಂಟಿ ಎಷ್ಟು ದಿನ ಎಂದು ಕೇಳಿದರೆ ಅಂಗಡಿಯವನು, "ಅಂಕಲ್, ಆಪ್ ರೋಡ್ ಕ್ರಾಸ್ ಕರೋ ತಬ್ ತಕ್" ಎಂದನಂತೆ. ರಸ್ತೆ ದಾಟುವವರೆಗೆ ಮಾತ್ರ! ಅವನ ಪ್ರಾಮಾಣಿಕತೆಗೆ ಮೆಚ್ಚಿ ಕಾಕಾ ಮೂರು ಬ್ಯಾಟರಿ ತಂದ. ಮೊದಲನೆಯದು ಎರಡೇ ಫೋಟೋಕ್ಕೆ ನಿಂತಿತು. ಇನ್ನೊಂದು ಚಾರ್ಜರಿನಲ್ಲೇ ಕಣ್ಣು ಮುಚ್ಚಿತು. ಮೂರನೆಯದು ಕ್ಯಾಮೆರಾದೊಳಗೇ ಉಬ್ಬಿ ಕೂತು, ಏನು ಮಾಡಿದರೂ ಹೊರಗೆ ಬರಲೊಲ್ಲದು. ಕಾಕಾ ಅಡಿಗೆಮನೆಯ ಇಕ್ಕಳ ತಂದು ಎಳೆಯುತ್ತಿದ್ದಾಗ ಅವನ ಹೆಂಡತಿ, ನಮ್ಮ ಕಾಕು, "ಸಾವಕಾಶ್ರೀ! ಹಡಿಯೂಕಿಗೆ ನೋವಾಗ್ತದ" ಎಂದಳು. ಕೊನೆಗೂ ಅದು ಹೊರಬಂತು, ಕಾಕಾ ಅದೇ ಅಂಗಡಿಗೆ ಹೋಗಿ ಇನ್ನಷ್ಟು ತಂದ.

ಥಾಣೆಯ ನೌಪಾಡಾದಲ್ಲಿ ಉಡುಪಿ ಕಡೆಯ ರಾಯರೊಬ್ಬರು ಇದ್ದರು. ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತವರು. ಅವರಿಗೆ ಹೃದಯದ ಆಪರೇಶನ್ ಗೊತ್ತುಮಾಡಿದ್ದರು. ಎಂಥ ಮುಹೂರ್ತ ನೋಡಿ! ಕಾಕಾ ಹಿಂದಿನ ದಿನವೇ ಥಾಣೆಗೆ ಹೋಗಿ ಅವರಿಗೆ ಶಾಲು ಹೊದಿಸಿ ಕೂರಿಸಿದ. "ನಗ್ರಿ" ಎಂದ. ಪಾಪ, ಅವರು ನಕ್ಕರು. ಕ್ಯಾಮೆರಾ ಕುಂಯ್ ಎಂದು ಮೂತಿ ಒಳಗೆಳೆದುಕೊಂಡು ಆರಿತು. ಎರಡನೇ ಬ್ಯಾಟರಿ ಹಾಕಿದ, ಅದೂ ಆರಿತು. "ನೀವು ಎಂತ ಮಾರಾಯ್ರೆ, ಸಾಯುವವನ ಹತ್ರ ಬಂದು ತಮಾಷೆ ಮಾಡುದಾ?" ಎಂದು ರಾಯರು ಕೂಗಾಡಿ ಹೊರಗೆ ಕಳಿಸಿದರು.

ಆದರೆ ರಾಯರು ಸಾಯಲಿಲ್ಲ. ಹದಿನೈದು ದಿನಕ್ಕೆ ಎದ್ದು ಓಡಾಡತೊಡಗಿದರು. ಅದೇ ಹೊತ್ತಿಗೆ ಟಿಟ್ವಾಳಾದ ಒಬ್ಬ ಅಜ್ಜಿ, ಕಾಕಾನ ಕೈಯಲ್ಲಿ ಬಲು ಚೆಂದದ ಫೋಟೋ ತೆಗೆಸಿಕೊಂಡು, ವಾರದೊಳಗೆ ತೀರಿಹೋದಳು. ಎರಡೂ ಸುದ್ದಿ ಒಂದೇ ಲೋಕಲ್ಲಿನಲ್ಲಿ ಊರು ಸುತ್ತಿದವು. "ನನ್ನ ಬದಲು ಬ್ಯಾಟರಿ ಹೋಯ್ತು" ಎಂದು ರಾಯರೇ ಎಲ್ಲರಿಗೂ ಹೇಳತೊಡಗಿದರು. ಮುಗಿಯಿತು! ಬಾತ್‌ರೂಮ್ ಸೇರುತ್ತಿದ್ದವರೆಲ್ಲ ಈಗ ತಾವಾಗಿ ಕಾಕಾನಿಗೆ ಫೋನ್ ಮಾಡಿದರು. ಬ್ಯಾಟರಿ ಡೂಪ್ಲಿಕೇಟೇ ಹೌದಲ್ಲ ಎಂದು ಖಾತ್ರಿ ಮಾಡಿಕೊಂಡೇ ಕುರ್ಚಿಯಲ್ಲಿ ಕೂತರು. ಅದು ಆರಿದರೆ ಮನೆಮಂದಿಗೆಲ್ಲ ಶಿರಾ! ಅಪ್ಪಿತಪ್ಪಿ ಫೋಟೋ ಬಂದರೆ ನೀರೂ ಕೊಡುತ್ತಿರಲಿಲ್ಲ.

ಕಾಕಾನಿಗೆ ಕೆಂಡದಂಥ ಸಿಟ್ಟು. ಕೆಮಿಕಲ್ ಫ್ಯಾಕ್ಟರಿಯ ಸ್ಟೋರಿನಲ್ಲಿ ಜೀವ ಸವೆಸಿದವನು, ಹರಕೆ ತಾಯಿತ ಒಂದನ್ನೂ ನಂಬಿದವನಲ್ಲ. "ಚೀನಾದ ಮಾಲಿಗೂ ಮನುಷ್ಯಾನ ಆಯುಷ್ಯಕ್ಕೂ ಏನ್ರೀ ಸಂಬಂಧ? ಓದಿದವರು ಮಾತಾಡೋ ಮಾತೇನಿದು?" ಎಂದು ಮನೆಮನೆಯಲ್ಲಿ ಜಗಳ ಕಾದು ಬರುತ್ತಿದ್ದ.

ಅಷ್ಟರಲ್ಲಿ ಕಾಕುವಿನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಠಾಕುರ್ಲಿಯ ಆ ಎರಡು ಕೋಣೆಯ ಮನೆಯಲ್ಲಿ ಔಷಧದ ವಾಸನೆ ತುಂಬಿಕೊಂಡಿತು. ನಾನು ಡೊಂಬಿವಲಿಯಿಂದ ರವಿವಾರ ರವಿವಾರ ಹೋಗಿಬರುತ್ತಿದ್ದೆ. ಹೋಗಲು ಮನಸ್ಸೂ ಬರುತ್ತಿರಲಿಲ್ಲ, ಹೋಗದಿರಲೂ ಆಗುತ್ತಿರಲಿಲ್ಲ.

ಒಂದು ರವಿವಾರ ಕಾಕು ಕಾಕಾನಿಗೆ ಹೇಳಿದಳು: "ಊರ ಮಂದೀದೆಲ್ಲ ತಗದ್ರಿ. ನಂದೊಂದು ತಗೀರಿ. ಮಾರಿ ಇನ್ನೂ ಮಾರಿ ಹಂಗ ಅದ."

ಕಾಕಾ ಎದ್ದು ಕ್ಯಾಮೆರಾ ತಂದ. ಕಾಕು ಇಳಕಲ್ ಸೀರೆ ಉಟ್ಟು, ಕುಂಕುಮ ತಿದ್ದಿಕೊಂಡು, ಕಿಟಕಿಯ ಹತ್ತಿರ ಕೂತಳು. ಕಾಕಾ ಅವಳ ಸೆರಗು ಸರಿಮಾಡಿ, ಗಲ್ಲ ಹಿಡಿದ. "ಗಲ್ಲ ಸ್ವಲ್ಪ ಮ್ಯಾಲ. ಹಾಂ, ಈಗ ನನ್ನ ಕಡೆ ನೋಡು" ಎಂದ. ಕ್ಯಾಮೆರಾ ಕುಂಯ್ ಎಂದು ಆರಿತು. "ಥೂ, ಹಾಳಾದ ಬ್ಯಾಟರಿ! ಮುಂದಿನ ವಾರ ಹೊಸಾದು ತರ್ತೀನಿ" ಎಂದ. ಮುಂದಿನ ವಾರವೂ ಅದೇ ಆಯಿತು, ಅದರ ಮುಂದಿನ ವಾರವೂ ಅದೇ. ವಾರ ವಾರಕ್ಕೆ ಅವಳ ಮುಖ ಬಾತುಕೊಳ್ಳುತ್ತಿತ್ತು, ಕಪ್ಪಾಗುತ್ತಿತ್ತು. ಊರಿಗೆಲ್ಲ ಫೋಟೋ ಹಂಚಿದವನ ಹೆಂಡತಿಗೇ ಒಂದು ಫೋಟೋ ಇಲ್ಲದೆ ಹೋದೀತೆಂದು ನನಗೆ ಸಂಕಟವಾಯಿತು. ಇನ್ನು ತಡೆಯಲಾಗದೆ, ಕಾಕಾನನ್ನು ಎಬ್ಬಿಸಿಕೊಂಡು ನಾನೇ ಕಲ್ಯಾಣದ ಆ ಅಂಗಡಿಗೆ ಹೋದೆ.

ಅಂಗಡಿಯವನು ಇಡೀ ಮದುವೆಗೆ ಆರದೆ ನಿಲ್ಲುವ ಹೊಸ ಮಾಲು ತೆಗೆದಿಟ್ಟ. "ಯೇ ಲೇ ಜಾವೋ ಅಂಕಲ್. ಪೂರೀ ಶಾದೀ ನಿಕಲ್ ಜಾಯೇಗೀ, ಬಂದ್ ನಹೀ ಹೋಗಾ."

ಕಾಕಾ ಅದನ್ನು ಮುಟ್ಟಲಿಲ್ಲ. ನನ್ನ ಮುಖ ನೋಡಲಿಲ್ಲ. ಮೆಲ್ಲಗೆ, "ನಹೀ. ವೋ ಪಹಲೇವಾಲಾ ದೋ. ಜೋ ತುರಂತ್ ಬಂದ್ ಹೋತಾ ಹೈ" ಎಂದ.

ಕೂಡಲೇ ಆರುವ ಕೆಟ್ಟದ್ದೇ ಬೇಕೆಂದು ಕೇಳುವ ಗಿರಾಕಿಯನ್ನು ಅವನು ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ಬಾಯಿ ತೆರೆದು ನಿಂತ. ಊರಿಗೆಲ್ಲ ಬೈದು ಬಂದ ಆ ನಾಸ್ತಿಕನನ್ನು ನೋಡಿ ನಗಬೇಕೆಂದರೂ ನನಗೆ ನಗು ಬರಲಿಲ್ಲ.

ಮರುವಾರ ಕಾಕಾ ಔಷಧ ತರಲು ಹೋದಾಗ ನಾನು ಕಾಕುವಿಗೆ ಹೇಳಿಬಿಟ್ಟೆ. ಅವಳು ನಕ್ಕಳು. "ಗೊತ್ತದೋ. ಮೊದಲನೇ ವಾರನ ಗೊತ್ತಾತು. ಹಿಂಗ ಗಲ್ಲಾ ಹಿಡದು, ಇಷ್ಟೊತ್ತು ನನ್ನ ಮಾರಿ ಯಾವಾಗ ನೋಡಿದ್ರು ಅವ್ರು? ಚಲೋ ಬ್ಯಾಟರಿ ಬಂದ್ರ ಒಂದ ರವಿವಾರಕ್ಕ ಮುಗದಹೋಗ್ತದ. ನೀ ಅವರಿಗೆ ಹೇಳಬ್ಯಾಡ."

ನಾನು ಹೇಳಲಿಲ್ಲ. ಶ್ರಾವಣದಲ್ಲಿ ಕಾಕು ಹೋದಳು. ಕಾಕಾ ಅಳಲಿಲ್ಲ. ಬಂದವರೆಲ್ಲ ಗೋಡೆ ನೋಡಿ, ಫೋಟೋ ಎಲ್ಲಿ ಎಂದು ಕೇಳಿದರೂ ಅಳಲಿಲ್ಲ. ವೈಕುಂಠ ಸಮಾರಾಧನೆ ಮುಗಿದು ಜನ ಚದುರಿದ ಮೇಲೆ ನನ್ನ ಹತ್ತಿರ ಕೂತು, "ಅಕೀದೊಂದು ಫೋಟೋ ಸೈತ ತಗೀಲಿಲ್ಲೋ ನಾನು. ಸುಳ್ಳ ಹೇಳಿ ವಾರ ವಾರ ಕೂಡಿಸಿದೆ" ಎಂದ.

"ಕಾಕೂಗೆ ಗೊತ್ತಿತ್ತು, ಕಾಕಾ. ಮೊದಲನೇ ವಾರದಿಂದ ಗೊತ್ತಿತ್ತು."

ಕಾಕಾ ನನ್ನನ್ನೇ ನೋಡಿದ. "ಗೊತ್ತಿದ್ದೂ ಪ್ರತಿ ರವಿವಾರ ಸೀರಿ ಉಟ್ಟು ಕೂಡ್ತಿದ್ಲೇನು?"

ಹೌದೆಂದೆ. ಹದಿಮೂರು ದಿನ ಅಳದವನು ಆಗ ಅತ್ತ.