ಟಾರ್ಪಲ್ ಪರದೆಯ ವಿಮಾನ

ಬಸ್ಸು ಕಟ್ಟಿದವನಿಗೆ ವಿಮಾನ ಕಟ್ಟುವುದು ಎಂಥ ಮಹಾ ಕೆಲಸ? ಎರಡು ರೆಕ್ಕೆ ಹೆಚ್ಚಿಗೆ, ಅಷ್ಟೇ ತಾನೆ! ಅರವತ್ತರ ದಶಕದ ಒಂದು ಬೇಸಗೆಯಲ್ಲಿ, ಸಾಗರದ ನನ್ನ ಶೆಡ್ಡಿನಲ್ಲಿ ನಿಂತು, ಪೂರ್ಣ ಪ್ರಜ್ಞೆಯಲ್ಲಿ ನಾನು ಆಡಿದ ಮಾತಿದು.

ಸಾಗರದಿಂದ ಕೋಣಂದೂರಿನ ಮೇಲೆ ತೀರ್ಥಹಳ್ಳಿಗೆ ಓಡುತ್ತಿದ್ದ ಬಸ್ಸಿನ ಮೈ ಕಟ್ಟಿದವನು ನಾನೇ. ಕಂಪನಿಯಿಂದ ಎಂಜಿನ್ನು, ಚಕ್ರಗಳಿರುವ ಬರಿಯ ಚಾಸಿ ಬರುತ್ತಿತ್ತು. ಮರದ ಚೌಕಟ್ಟು, ತಗಡು, ಸೀಟು, ಕಿಟಕಿಯ ಟಾರ್ಪಲ್ ಪರದೆ, ಎಲ್ಲವೂ ನನ್ನ ಕೈಕೆಲಸ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ನನ್ನ ಬಸ್ಸು ಸೋರುತ್ತದೆ ಎಂದು ಅದುವರೆಗೆ ಯಾರೂ ನನ್ನ ಮುಖಕ್ಕೆ ಹೇಳಿರಲಿಲ್ಲ.

ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು ಒಬ್ಬರೇ: ಕೋಣಂದೂರಿನ ನಿವೃತ್ತ ಮೇಷ್ಟ್ರು, ನನ್ನ ಮಾವ. ಮದುವೆಯಾಗಿ ಮಕ್ಕಳಾದರೂ ಅವರು ಮಗಳನ್ನು ಕೇಳುತ್ತಿದ್ದದ್ದು, "ನಿನ್ನ ಬಡಗಿ ಆರಾಮಾ?" ಎಂದೇ. ಆ ಬಾಯಲ್ಲಿ ಒಂದೇ ಒಂದು ಸಲ "ಅಳಿಯಂದಿರೇ" ಅನ್ನಿಸಬೇಕು. ನನ್ನ ಜನ್ಮದ ಗುರಿ ಅದಾಗಿತ್ತು.

ಅಷ್ಟರಲ್ಲಿ ಗೆಳೆಯ ದೇವಪ್ಪ ಸೈನ್ಯದ ವೈರ್‌ಲೆಸ್ ಕೆಲಸ ಮುಗಿಸಿ ಹೊಸನಗರಕ್ಕೆ ಬಂದ. ಇಲ್ಲಿ ಗುಂಡಿ ಒತ್ತಿದರೆ, ತಂತಿಯೇ ಇಲ್ಲದೆ, ಅಂಗಳದಾಚೆ ಗಂಟೆ ಬಾರಿಸಿ ತೋರಿಸಿದ. ನನಗೆ ದಾರಿ ಹೊಳೆಯಿತು. ನೆಲದಲ್ಲಿ ನಿಂತು ಆಕಾಶದಲ್ಲಿ ವಿಮಾನ ನಡೆಸಬೇಕು! ಆಟಿಕೆಯದ್ದಲ್ಲ, ನಮ್ಮ ಹಜಾರದಷ್ಟು ಉದ್ದದ್ದು. ನೋಡಿ ಕಟ್ಟಲು ಗೋಡೆಯ ಕ್ಯಾಲೆಂಡರಿನಲ್ಲಿ ಪ್ರಯಾಣಿಕರ ವಿಮಾನದ ಚಿತ್ರವಿತ್ತು. ಅದರಲ್ಲಿ ಒಂದು ಮಗ್ಗುಲು ಮಾತ್ರ ಕಾಣುತ್ತಿತ್ತು. ಇನ್ನೊಂದನ್ನು ಬಸ್ಸಿನಿಂದ ಊಹಿಸಿಕೊಂಡೆ.

"ಎಂತದ್ರೀ ಇದು, ಚಪ್ಪರವಾ?" ಹೆಂಡತಿ ಶಾರದೆ ಕೇಳಿದಳು.

"ವಿಮಾನ! ಇದನ್ನ ಆಕಾಶಕ್ಕೆ ಏರಿಸ್ತೀನಿ."

"ಮೊದ್ಲು ಅಟ್ಟದ ಮೇಲಿನ ಹಂಡೆ ಇಳಿಸಿಕೊಡಿ."

ದೇವಪ್ಪ ಬಿದಿರು ಸಾಕೆಂದ. "ಹಗುರ ಇರ್ಬೇಕು ಮಾರಾಯ."

"ಬಿದಿರಾ? ಮಧ್ಯ ದಾರೀಲಿ ಮುರಿದ್ರೆ ನನ್ನ ಮರ್ಯಾದೆ ಎಂತಾಗ್ತದೆ?" ಎಂದು ಕಬ್ಬಿಣದಂಥ ಮತ್ತಿ ಮರ ಕೊಯ್ಯಿಸಿದೆ. ಮೂಗಿಗೆ ಹಳೇ ಮೋಟಾರು ಸೈಕಲ್ಲಿನ ಎಂಜಿನ್ನು, ಅದಕ್ಕೆ ಮರದ ಪಂಖ. ಆಮೇಲೆ ಕೈ ತಾನಾಗಿಯೇ ಓಡಿತು. ಹಿಂದೊಂದು ಏಣಿ. ಬಾಲಕ್ಕೆ ಕೆಂಪು ದೀಪ. ಮೇಲೊಂದು ಕ್ಯಾರಿಯರ್!

"ವಿಮಾನಕ್ಕೆ ಕ್ಯಾರಿಯರ್ ಯಾಕೋ?"

"ಮತ್ತೆ ಅಡಿಕೆ ಮೂಟೆ ಎಲ್ಲಿಡ್ತಾರೆ?"

ದೇವಪ್ಪ ವಿಮಾನದೊಳಗೆ ತನ್ನ ವೈರ್‌ಲೆಸ್ ಕೂರಿಸಿ, ಗುಂಡಿಯ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ. ನಾನು ಕಿಟಕಿಗಳಿಗೆ ಟಾರ್ಪಲ್ ಪರದೆ ಹೊಲಿದೆ. ಜೀವಮಾನದಲ್ಲಿ ಅಷ್ಟು ಸಣ್ಣ ಹೊಲಿಗೆ ಹಾಕಿದವನಲ್ಲ. ಮಾವ ನೋಡುವುದಲ್ಲವೇ!

ಹಾರಾಟದ ದಿನ ಮಾವ ಬಸ್ಸಿನಲ್ಲಿ ಬಂದಿಳಿದರು. ಒಂದು ಭುಜ ಪೂರ್ತಿ ಒದ್ದೆ. ದಾರಿಯಲ್ಲಿ ಮಳೆ ಬಂದಿರಬೇಕು ಎಂದುಕೊಂಡು ನಾನು ಅದರ ಗೊಡವೆಗೆ ಹೋಗಲಿಲ್ಲ. ಇಕ್ಕೇರಿ ಕಡೆಯ ನೇರ ರಸ್ತೆಗೆ ಗಾಡಿಯಲ್ಲಿ ವಿಮಾನ ಸಾಗಿಸಿದೆವು. ಶಾರದೆ ಹೂವು ಏರಿಸಿ, ಚಕ್ರದ ಅಡಿಗೆ ನಿಂಬೆಹಣ್ಣು ಇಟ್ಟಳು.

ಎಂಜಿನ್ನು ಗುಡುಗಿತು. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ವಿಮಾನ ಹೊರಟಿತು! ಹೊರಟಿತು... ಹೊರಟೇ ಹೊರಟಿತು. ಮೇಲೇಳುವ ಯಾವ ಇರಾದೆಯೂ ಅದಕ್ಕಿರಲಿಲ್ಲ.

"ಏಳು, ನನ್ನಪ್ಪಾ!" ಎಂದು ಕೂಗಿದೆ. ತಿರುಗಿಸೋಣವೆಂದು ಗುಂಡಿ ಒತ್ತಿದೆ. ಬಾಲದ ಕೆಂಪು ದೀಪ ಹೊತ್ತಿತು. ಮತ್ತೆ ಒತ್ತಿದೆ. ಆರಿತು!

"ದೇವಪ್ಪಾ, ತಂತಿ ಎಲ್ಲಿಗೆ ಕೊಟ್ಟೆಯೋ?"

"ಇದ್ದದ್ದೇ ಒಂದು ಗುಂಡಿ. ಎಲ್ಲಾ ಬಿಟ್ಟು ಅದಕ್ಕೆ ಆ ದೀಪ ಬೇಕೂಂತ ಹಟ ಹಿಡಿದವ್ನು ನೀನೇ ಅಲ್ವನಾ!"

ಎದುರು ಬಂದ ಸೈಕಲ್ಲಿನವನು ಮರ್ಯಾದೆಯಿಂದ ವಿಮಾನಕ್ಕೆ ಸೈಡು ಕೊಟ್ಟ. ನಾವೆಲ್ಲ ಹಿಂದೆ ಓಡಿದೆವು. ಬಸ್ಸು ನಿಲ್ಲುವ ಕಟ್ಟೆಗೆ ಮೂಗು ಗುದ್ದಿ, ಪಂಖ ಮುರಿದುಕೊಂಡು, ವಿಮಾನ ನಿಂತಿತು. ಕಟ್ಟೆಯ ಮೇಲಿದ್ದ ಅಜ್ಜಿ ಗಂಟು ಎತ್ತಿಕೊಂಡು ಎದ್ದಳು.

"ಸಾಗರಕ್ಕೆ ಹೋಗ್ತದನಾ?"

ಭೂಮಿ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟದ್ದು ಆಕಾಶ. ಧೋ ಎಂದು ಮಳೆ! ದೇವಪ್ಪ, ಶಾರದೆ, ನಾನು, ಅಜ್ಜಿ, ಎಲ್ಲರೂ ತೊಯ್ದು ತೊಪ್ಪೆಯಾದೆವು. ಮಾವ ಮಾತ್ರ ಕೊಡೆ ಹಿಡಿದು ವಿಮಾನದ ಬಳಿ ಬಗ್ಗಿದರು. ಪರದೆ ಸರಿಸಿದರು. ಒಳಗೆ ಕೈ ಹಾಕಿ ಸವರಿದರು. ಒಂದು ಹನಿ ನೀರಿಲ್ಲ!

"ಅಳಿಯಂದಿರೇ!" ಎಂದರು.

ನನ್ನ ಎದೆ ನಿಂತೇಹೋಯಿತು. ಶಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಳಿಯಂದಿರೇ, ಇಷ್ಟು ಚಂದ ಪರದೆ ಹೊಲಿಯೋಕೆ ಬರ್ತದೆ ನಿಮಗೆ. ಇದನ್ನ ಆ ಬಸ್ಸಿಗೆ ಹಾಕ್ಬಾರ್ದಾಗಿತ್ತಾ? ಇಷ್ಟು ವರ್ಷ ಅದ್ರೊಳಗೆ ಕೂತು ಮಳೇಲಿ ನೆನೆದುಕೊಂಡೇ ಬಂದೆ. ಮಗಳ ಗಂಡ ಕಟ್ಟಿದ್ದು ಅಂತ ಬಾಯಿ ಬಿಡ್ಲಿಲ್ಲ."

ನಾನು ಕಟ್ಟಿದವುಗಳಲ್ಲಿ ಸೋರದ ವಾಹನ ಅದೊಂದೇ. ಅದರಲ್ಲಿ ಕೂರಲು ಮಾತ್ರ ಯಾರಿಗೂ ಜಾಗವಿರಲಿಲ್ಲ!

ಸಂಜೆ ಮಾವನನ್ನು ಬಸ್ಸು ಹತ್ತಿಸಲು ಹೋದೆ. ಮಳೆ ಬಿಟ್ಟಿರಲಿಲ್ಲ. ಲೋಕದ ಜನ ಬಸ್ಸು ಹತ್ತುವಾಗ ಕೊಡೆ ಮಡಚುತ್ತಾರೆ. ಮಾವನೂ ಮಡಚಿದರು. ಹತ್ತಿ, ಸೀಟಿನಲ್ಲಿ ಕೂತು, ನನ್ನತ್ತ ಒಮ್ಮೆ ನೋಡಿ, ಮತ್ತೆ ಬಿಚ್ಚಿದರು.